ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು: ಕ್ರೈಸ್ತರ ಮಾತಿನಲ್ಲಿ ‘ಸಮಾಧಾನ’

ಸಹೋದ್ಯೋಗಿಯ ಮದುವೆಗೆಂದು ಬಾಂದ್ರಾದ ಇಗರ್ಜಿಗೋ ಮಡಗಾಂವದ ಇಗರ್ಜಿಗೋ ಹೋಗಿಬಂದ ಕನ್ನಡಿಗರಿಗೆ ಈ ಗಳಿಗೆ ನೆನಪಿರುತ್ತದೆ. ಎಲ್ಲರೂ ನಿಂತು ಪರಲೋಕ ಮಂತ್ರ ಹೇಳಿ ಮುಗಿಸಿರುತ್ತಾರೆ. ಪ್ರಭುವಿನ ಶಾಂತಿ ನಿಮ್ಮೊಂದಿಗಿರಲಿ ಎಂದು ಗುರುಗಳು ಹೇಳಿದ್ದೇ ತಡ, ಮುಂದಿನ ಬೆಂಚಿನಲ್ಲಿದ್ದ ಗುರುತು ಪರಿಚಯವಿಲ್ಲದವರು ಹಿಂದಿರುಗಿ ನಮಗೆ ಕೈಮುಗಿಯುತ್ತಾರೆ. ನಾವೂ ಮುಗಿಯುತ್ತೇವೆ. ಅರ್ಧ ನಿಮಿಷದಲ್ಲಿ ಎಲ್ಲ ಮುಗಿದು ಪೂಜೆ ಮುಂದುವರಿಯುತ್ತದೆ. ಮದುವೆಮನೆಯ ಕುಶಲೋಪರಿ ಇರಬೇಕು ಅಂದುಕೊಂಡು ಸುಮ್ಮನಾಗುತ್ತೇವೆ.

ಅದು ಕುಶಲೋಪರಿಯಲ್ಲ. ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳುವ ಮುಂಚೆ, ನಿನಗೂ ನನಗೂ ನಡುವೆ ಬಾಕಿ ಏನೂ ಉಳಿದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ವಿಧಿ ಅದು. ಕ್ರೈಸ್ತರ ಶಾಂತಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಧ್ಯಾನ, ಮೌನ, ಮೇಣದಬತ್ತಿ ಇವುಗಳಿಂದ ಶುರು ಮಾಡುವುದಕ್ಕಿಂತ ಈ ‘ಬಾಕಿ’ಯಿಂದ ಶುರು ಮಾಡುವುದು ಮೇಲು.

ಶಾಂತಿಯೋ, ಸಮಾಧಾನವೋ

ಕನ್ನಡದಲ್ಲಿ ತೊಡಕು ಪದದಿಂದಲೇ ಆರಂಭ. ಕನ್ನಡ ಬೈಬಲಿನಲ್ಲಿ ‘ಶಾಂತಿ’ಯೂ ಇದೆ, ‘ಸಮಾಧಾನ’ವೂ ಇದೆ, ಎರಡೂ ಮೂಲದ ಒಂದೇ ಪದಕ್ಕೆ ಬಂದಿವೆ. ಆದರೆ ಮನೆಮಾತಿನಲ್ಲಿ ಇವೆರಡಕ್ಕೂ ಬೇರೆಯೇ ಸಂಸಾರ. ಶಾಂತಿ ಎಂದರೆ ಗ್ರಹಶಾಂತಿ, ಮನಶ್ಶಾಂತಿ, ತೀರಿಕೊಂಡವರ ಆತ್ಮಕ್ಕೆ ಕೋರುವ ಚಿರಶಾಂತಿ. ಸಮಾಧಾನ ಎಂದರೆ ಅಳುವ ಮಗುವಿಗೆ ಹೇಳುವುದು, ಸಿಟ್ಟಾದವನಿಗೆ ‘ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ’ ಎನ್ನುವುದು. ಎರಡರಲ್ಲೂ ಒಬ್ಬ ವ್ಯಕ್ತಿಯ ಮನಸ್ಸು ತಣ್ಣಗಾದರೆ ಕೆಲಸ ಮುಗಿಯಿತು. ಮೂಲದ ಪದಕ್ಕೆ ಅಷ್ಟು ಸಾಲದು. ಅದಕ್ಕೆ ಇಬ್ಬರು ಬೇಕು.

ಹಾಗೆ ನೋಡಿದರೆ ‘ಸಮಾಧಾನ’ ಎಂಬುದರ ಹಳೆಯ ಅರ್ಥವೇ ಒಟ್ಟಿಗೆ ಸೇರಿಸಿ ಇಡುವುದು. ಶಾಸ್ತ್ರಚರ್ಚೆಯಲ್ಲಿ ಎದುರಾಳಿಯ ಆಕ್ಷೇಪಕ್ಕೆ ಕೊಡುವ ಉತ್ತರಕ್ಕೂ ‘ಸಮಾಧಾನ’ ಎನ್ನುತ್ತಾರೆ. ತುಂಡಾದದ್ದನ್ನು ಜೋಡಿಸುವುದು ಎಂಬ ಈ ಅರ್ಥವನ್ನು ಹಿಡಿದುಕೊಂಡರೆ ಬೈಬಲಿನ ಪದ ಅಷ್ಟೇನೂ ದೂರ ಉಳಿಯುವುದಿಲ್ಲ.

ಆ ಪದ ಹೀಬ್ರೂವಿನ ‘ಶಾಲೋಮ್’. ಅರಬ್ಬಿಯ ‘ಸಲಾಮ್’ ಇದರ ಅಕ್ಕತಂಗಿ. ಮುಂಬಯಿಯ ಮಾಂಡವಿಯಲ್ಲಿ 1796ರಲ್ಲಿ ಸ್ಥಾಪನೆಯಾದ, ಯೆಹೂದ್ಯರ ಶಾರ್ ಹರಹಮಿಮ್ ಸಿನಗಾಗ್ (ಪ್ರಾರ್ಥನಾಮಂದಿರ) ಇದೆ, ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಮಸೀದಿಗಳೂ ಇಗರ್ಜಿಗಳೂ ಇವೆ; ಮೂರು ಕಡೆಯೂ ಜನ ಒಂದೇ ಬೇರಿನ ಪದವನ್ನೋ ಅದರ ಅನುವಾದವನ್ನೋ ಹೇಳಿ ಒಬ್ಬರನ್ನೊಬ್ಬರು ಕಾಣುತ್ತಾರೆ.

ಶಾಲೋಮ್ ಎಂಬುದರ ಬೇರು ಶ್-ಲ್-ಮ್. ಇಡಿಯಾಗಿರುವುದು, ಊನವಿಲ್ಲದಿರುವುದು ಅದರ ತಿರುಳು. ಉಳಿ ಮುಟ್ಟಿಸದ ಇಡೀ ಕಲ್ಲುಗಳಿಂದ ಬಲಿಪೀಠ ಕಟ್ಟಬೇಕು ಎಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುವಾಗ ‘ಇಡೀ’ ಎಂಬುದಕ್ಕೆ ಬಳಸಿದ್ದು ಇದೇ ಬೇರಿನ ಪದ. ಅರಸ ದಾವೀದನು ರಣರಂಗದಿಂದ ಬಂದ ಸೈನಿಕ ಊರೀಯನನ್ನು ವಿಚಾರಿಸುವ ಸಂದರ್ಭದಲ್ಲಿ ಸೇನಾಪತಿಯ ಶಾಲೋಮ್, ಜನರ ಶಾಲೋಮ್, ಕೊನೆಗೆ ಯುದ್ಧದ ಶಾಲೋಮ್ ಹೇಗಿದೆ ಎಂದು ಕೇಳುತ್ತಾನೆ! ಶಾಲೋಮ್ ಎಂದರೆ ಯುದ್ಧವಿಲ್ಲದಿರುವುದಷ್ಟೇ ಆಗಿದ್ದರೆ ಆ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ. ಅಲ್ಲಿ ಅದು ನಮ್ಮ ‘ಕ್ಷೇಮವೇ?’ ಎಂಬ ಪ್ರಶ್ನೆ.

ಇದೇ ಬೇರಿನ ಕ್ರಿಯಾಪದಕ್ಕೆ ‘ತೆರು, ಭರ್ತಿ ಮಾಡು’ ಎಂಬ ಅರ್ಥವಿದೆ. ಬಾಕಿಯ ಮಾತು ಬಂದದ್ದು ಇಲ್ಲಿಂದ. ವಿಮೋಚನಕಾಂಡದ 21 ಮತ್ತು 22ನೆಯ ಅಧ್ಯಾಯಗಳಲ್ಲಿ ಈ ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕದ್ದ ಎತ್ತನ್ನು ಕೊಯ್ದವನು ಅಥವಾ ಮಾರಿದವನು ಒಂದಕ್ಕೆ 5 ಕೊಡಬೇಕು, ಕುರಿಯಾದರೆ 4. ಗುಂಡಿ ತೆಗೆದು ಮುಚ್ಚದೆ ಬಿಟ್ಟವನು, ಅದರಲ್ಲಿ ಬೇರೆಯವರ ಎತ್ತೋ ಕತ್ತೆಯೋ ಬಿದ್ದು ಸತ್ತರೆ, ಬೆಲೆ ತೆರಬೇಕು. (ಮಳೆಗಾಲದಲ್ಲಿ ಮುಚ್ಚಳವಿಲ್ಲದ ಮ್ಯಾನ್‌ಹೋಲ್ ತಪ್ಪಿಸಿ ನಡೆಯುವ ಮುಂಬಯಿಯವರಿಗೆ ಈ ಕಾನೂನು ಅಷ್ಟೇನೂ ಹಳತೆನ್ನಿಸಲಿಕ್ಕಿಲ್ಲ.) ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಸುಂಕ ವಸೂಲಿಯ ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡಾಗ ಯಾರಿಂದಲಾದರೂ ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎನ್ನುತ್ತಾನಲ್ಲ, ಅದರ ಹಿಂದೆ ಇರುವುದು ಇದೇ ಲೆಕ್ಕ. ಕಳೆದುಕೊಂಡವನ ಕೊಟ್ಟಿಗೆ ತುಂಬದೆ ಕದ್ದವನ ಮನಸ್ಸಿಗೆ ಮಾತ್ರ ಶಾಂತಿ ಸಿಕ್ಕಿತು ಎಂದರೆ ಬೈಬಲ್ ಅದನ್ನು ಶಾಲೋಮ್ ಎನ್ನುವುದಿಲ್ಲ.

ಮೂರನೆಯ ದಿನಕ್ಕೆ ಉಳಿಸಬಾರದ ಊಟ

ಹಳೆಯ ಒಡಂಬಡಿಕೆಯಲ್ಲಿ ‘ಸಮಾಧಾನಯಜ್ಞ’ ಎಂಬುದೊಂದಿದೆ. ಅದರ ವಿವರ ಯಾಜಕಕಾಂಡದ 3 ಮತ್ತು 7ನೆಯ ಅಧ್ಯಾಯಗಳಲ್ಲಿ ಸಿಗುತ್ತದೆ. ಸರ್ವಾಂಗಹೋಮದಲ್ಲಿ ಪ್ರಾಣಿ ಪೂರ್ತಿ ಸುಟ್ಟುಹೋಗುತ್ತಿತ್ತು, ಸಮಾಧಾನಯಜ್ಞದಲ್ಲಿ ಹಾಗಲ್ಲ. ಕೊಬ್ಬು ಮತ್ತು ಮೂತ್ರಪಿಂಡ ಬಲಿಪೀಠದ ಬೆಂಕಿಗೆ. ಎದೆಯ ಭಾಗ ಯಾಜಕರಿಗೆಲ್ಲ, ಬಲದೊಡೆ ಅಂದು ಯಜ್ಞ ನಡೆಸಿದ ಯಾಜಕನಿಗೆ. ಉಳಿದದ್ದೆಲ್ಲ ತಂದವನಿಗೇ ವಾಪಸು, ಮನೆಮಂದಿ ಕೂತು ಉಣ್ಣಲಿಕ್ಕೆ. ಕೃತಜ್ಞತೆಗಾಗಿ ಅರ್ಪಿಸಿದ್ದಾದರೆ ಅದೇ ದಿನ ತಿಂದು ಮುಗಿಸಬೇಕು. ಹರಕೆಯದಾದರೆ ಮರುದಿನದವರೆಗೆ ಇಡಬಹುದು. ಮೂರನೆಯ ದಿನಕ್ಕೆ ಉಳಿದರೆ ಸುಟ್ಟುಬಿಡಬೇಕು. ತಿಂದರೆ ಇಡೀ ಯಜ್ಞವೇ ಲೆಕ್ಕಕ್ಕಿಲ್ಲ.

ಒಂದು ಹೋರಿಯ ಮಾಂಸವನ್ನು ಒಂದು ಸಂಸಾರ ಒಂದೇ ದಿನದಲ್ಲಿ ತಿಂದು ಮುಗಿಸಲಾರದು. ನಾಲ್ಕು ಜನರನ್ನು ಕರೆಯಲೇಬೇಕು. ಇಂಥ ಊಟಕ್ಕೆ ಆಳುಕಾಳು, ಊರಿನ ಲೇವಿ (ದೇವರ ಸೇವೆಗೆ ಮೀಸಲಾದ ಕುಲದವನು) ಎಲ್ಲರೂ ಕೂತಿರಬೇಕು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ದೇವರೊಂದಿಗಿನ ಸಮಾಧಾನವನ್ನು ಒಬ್ಬನೇ ಬಚ್ಚಿಟ್ಟುಕೊಂಡು ತಿಂದರೆ ಮೂರನೆಯ ದಿನಕ್ಕೆ ಅದು ನಾರುತ್ತದೆ. ನಿಯಮ ಮಾಡಿದವರ ಮನಸ್ಸಿನಲ್ಲಿ ಇದೇ ಇತ್ತೋ ಇಲ್ಲವೋ, ಪರಿಣಾಮ ಮಾತ್ರ ಇದೇ.

ಪ್ರವಾದಿ ಯೆರೆಮೀಯನಂತೂ ಸುಳ್ಳು ಶಾಂತಿಯ ಬೆನ್ನು ಬಿಡುವುದಿಲ್ಲ. ಶಾಂತಿಯೇ ಇಲ್ಲದಾಗ ‘ಶಾಂತಿ, ಶಾಂತಿ’ ಎನ್ನುತ್ತ ಜನರ ಗಾಯವನ್ನು ಮೇಲುಮೇಲಕ್ಕೆ ವಾಸಿ ಮಾಡುತ್ತಿದ್ದಾರೆ ಎಂದು ಅವನು ಗುರುಗಳನ್ನೂ ಪ್ರವಾದಿಗಳನ್ನೂ ಬೈಯುತ್ತಾನೆ. ಬಾಬೆಲಿಗೆ ಸೆರೆಹೋದ ತನ್ನವರಿಗೆ ಅವನು ಬರೆದ ಪತ್ರ 29ನೆಯ ಅಧ್ಯಾಯದಲ್ಲಿದೆ. ಇನ್ನೆರಡು ವರ್ಷದೊಳಗೆ ಎಲ್ಲ ಸರಿಹೋಗುತ್ತದೆ ಎಂದು ಹನನ್ಯ ಎಂಬ ಪ್ರವಾದಿ ಭರವಸೆ ಕೊಟ್ಟಿದ್ದ. ಯೆರೆಮೀಯ ಹೇಳಿದ್ದು 70 ವರ್ಷ. ಆದ್ದರಿಂದ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಊರಿನ ಕ್ಷೇಮಕ್ಕಾಗಿ ದೇವರನ್ನು ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಎಂದ. ಆ ಒಂದೇ ವಚನದಲ್ಲಿ ‘ಶಾಲೋಮ್’ 3 ಸಲ ಬರುತ್ತದೆ. ‘ಇನ್ನೆರಡು ವರ್ಷ, ಆಮೇಲೆ ಊರಿಗೆ ಹೋಗಿಬಿಡೋಣ’ ಎನ್ನುತ್ತಲೇ ಡೊಂಬಿವಲಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ, ಪಿಂಪ್ರಿಯ ಕಾರ್ಖಾನೆಯಲ್ಲಿ ನಿವೃತ್ತರಾದವರಿಗೆ, ವಾಸ್ಕೋದ ಬಂದರಿಗೆ ಬಂದು ನೆಲೆನಿಂತ ಬಿಜಾಪುರ ಸೀಮೆಯವರಿಗೆ ಈ ಪತ್ರವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಕಾಲಡಿಯ ಊರಿನ ನಳ, ಚರಂಡಿ, ಶಾಲೆ ಕೂಡ ಶಾಲೋಮ್‌ನ ವ್ಯಾಪ್ತಿಗೆ ಬರುತ್ತವೆ.

‘ಲೋಕ ಕೊಡುವ ಹಾಗಲ್ಲ’

ಹೊಸ ಒಡಂಬಡಿಕೆ ಬರೆದದ್ದು ಗ್ರೀಕಿನಲ್ಲಿ. ಅಲ್ಲಿ ಶಾಲೋಮ್‌ಗೆ ‘ಐರೆನೆ’ ಎಂಬ ಪದ ಬಂತು. ಸಾಮಾನ್ಯ ಗ್ರೀಕಿನಲ್ಲಿ ಅದು ಯುದ್ಧ ನಿಂತ ಕಾಲ. ಆ ಹೊತ್ತಿಗೆ ಶಾಂತಿಯ ದೊಡ್ಡ ಜಾಹೀರಾತುದಾರ ರೋಮ್ ಸಾಮ್ರಾಜ್ಯ. ಸಾಮ್ರಾಟ ಔಗುಸ್ತನ ಗೌರವಕ್ಕೆ ಶಾಂತಿದೇವತೆಯ ಬಲಿಪೀಠವೊಂದನ್ನು ಕಟ್ಟಲು ಕ್ರಿ.ಪೂ. 13ರಲ್ಲಿ ನಿರ್ಧರಿಸಿ ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪಿಸಿದರು. ಅದು ನಿಂತದ್ದು ಯುದ್ಧದೇವತೆ ಮಾರ್ಸ್‌ನ ಹೆಸರಿನ ಬಯಲಿನಲ್ಲಿ! ಗೆದ್ದವನು ಸೋತವನ ಬಾಯಿ ಮುಚ್ಚಿಸಿದರೆ ಅದು ಶಾಂತಿ. ಸೋತವನಿಗೆ ಶಿಲುಬೆಯೂ ಇತ್ತು.

ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರಿಗೆ ನನ್ನ ಶಾಂತಿಯನ್ನು ನಿಮಗೆ ಕೊಡುತ್ತೇನೆ, ಲೋಕ ಕೊಡುವ ಹಾಗೆ ನಾನು ಕೊಡುವುದಿಲ್ಲ ಎಂದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮರುದಿನ ಆ ಲೋಕದ ಶಾಂತಿಯೇ ಅವನನ್ನು ಶಿಲುಬೆಗೆ ಜಡಿಯಿತು. ನಾನು ಶಾಂತಿಯನ್ನಲ್ಲ, ಖಡ್ಗವನ್ನು ತರಲು ಬಂದೆ ಎಂಬ ಅವನ ಮಾತನ್ನು (ಮತ್ತಾಯ 10:34) ಎತ್ತಿ ಇದು ವಿರೋಧಾಭಾಸವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿ ಮುಂದಿನ ಸಾಲುಗಳು ಹೇಳುವುದು ತನ್ನನ್ನು ಹಿಂಬಾಲಿಸಿದವರ ಮನೆಯಲ್ಲೇ ಒಡಕು ಬರುತ್ತದೆ ಎಂಬುದನ್ನು. ಎಲ್ಲರೂ ಬಾಯಿಮುಚ್ಚಿಕೊಂಡಿದ್ದರೆ ಸಿಗುವ ಶಾಂತಿಯನ್ನು ಅವನು ಕೊಡಲು ಬಂದಿರಲಿಲ್ಲ ಎಂದಷ್ಟೇ ಅದರ ಅರ್ಥ.

ಆರಂಭಕಾಲದ ಕ್ರೈಸ್ತ ಸಭೆಗಳಿಗೆ ಪೌಲ ಬರೆದ ಪತ್ರಗಳಿಗೆ ಬಂದರೆ ವಿಚಾರ ಇನ್ನೊಂದು ಮಟ್ಟಕ್ಕೇರುತ್ತದೆ. ಮೊದಲ ಬಾಕಿ ಇರುವುದು ದೇವರಿಗೂ ಮನುಷ್ಯನಿಗೂ ನಡುವೆ. ಅದನ್ನು ಮನುಷ್ಯ ತೀರಿಸಲಾರ. ಕ್ರಿಸ್ತನು ತನ್ನ ಪ್ರಾಣದಿಂದ ತೀರಿಸಿದ. ಆದ್ದರಿಂದ ನಂಬಿದವರು ದೇವರೊಂದಿಗೆ ಸಮಾಧಾನದಲ್ಲಿದ್ದಾರೆ (ರೋಮಾಪುರದವರಿಗೆ 5:1). ತೀರಿದ್ದು ಹೇಗೆ ಎಂಬ ಬಗ್ಗೆ ಸಭೆಗಳಲ್ಲಿ ಶತಮಾನಗಳಿಂದ ಚರ್ಚೆ ನಡೆದಿದೆ. ದಂಡ ತೆತ್ತನೆನ್ನುವವರಿದ್ದಾರೆ, ಸಾವಿನ ಮೇಲೆ ಗೆದ್ದನೆನ್ನುವವರಿದ್ದಾರೆ. ಆದರೆ ಕ್ರಮದ ಬಗ್ಗೆ ತಕರಾರಿಲ್ಲ. ಶಾಂತಿ ಮೊದಲು ಸಿಗುವ ಕೊಡುಗೆ, ಆಮೇಲೆ ಮಾಡುವ ಕೆಲಸ. ಈ ಕ್ರಮ ತಿರುಗುಮುರುಗಾದರೆ ಧರ್ಮ ಬರೀ ಒಳ್ಳೆಯ ನಡತೆಯ ಪಟ್ಟಿಯಾಗುತ್ತದೆ.

ಎಫೆಸದವರಿಗೆ ಬರೆದ ಪತ್ರದ 2ನೆಯ ಅಧ್ಯಾಯ ಕ್ರಿಸ್ತನು ಯೆಹೂದ್ಯರಿಗೂ ಅನ್ಯರಿಗೂ ನಡುವಿನ ಅಡ್ಡಗೋಡೆಯನ್ನು ಕೆಡವಿದ ಎನ್ನುತ್ತದೆ. ಈ ಗೋಡೆ ಬರೀ ರೂಪಕವಾಗಿರಲಿಕ್ಕಿಲ್ಲ. ಯೆರೂಸಲೇಮಿನ ದೇವಾಲಯದ ಅಂಗಳದಲ್ಲಿ ಮೂರು ಮೊಳ ಎತ್ತರದ ಕಲ್ಲಿನ ತಡೆ ಇತ್ತೆಂದು ಇತಿಹಾಸಕಾರ ಯೋಸೆಫಸ್ ಬರೆದಿದ್ದಾನೆ. ಅನ್ಯರು ಇದನ್ನು ದಾಟಿದರೆ ತಮ್ಮ ಸಾವಿಗೆ ತಾವೇ ಹೊಣೆ ಎಂಬ ಗ್ರೀಕ್ ಎಚ್ಚರಿಕೆಯ ಕಲ್ಲು 1871ರಲ್ಲಿ ಸಿಕ್ಕಿತು. ಈಗ ಇಸ್ತಾಂಬುಲ್‌ನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಪೌಲನು ದೇವಾಲಯದಲ್ಲಿ ಸಿಕ್ಕಿಬಿದ್ದದ್ದೂ ಎಫೆಸದ ತ್ರೊಫಿಮನನ್ನು ಒಳಗೆ ಕರೆತಂದನೆಂಬ ಆರೋಪದ ಮೇಲೆಯೇ. ಜಾತಿಯ ಲೆಕ್ಕದಲ್ಲಿ ಬೆಂಚುಗಳನ್ನೂ ಸಮಾಧಿಯ ಜಾಗವನ್ನೂ ಬೇರೆ ಮಾಡಿಕೊಂಡ ಸಭೆಗಳು ನಮ್ಮ ದೇಶದಲ್ಲಿ ಇದ್ದವು, ಪೂರ್ತಿ ಹೋಗಿಲ್ಲ. ಅಂಥಲ್ಲಿ ನಿಂತು ಈ ಅಧ್ಯಾಯ ಓದುವುದು ಮುಜುಗರದ ಕೆಲಸ, ಮುಜುಗರವಾಗಬೇಕಾದದ್ದೇ.

ಗಾಯ ತೋರಿಸಿ, ಕೆಂಡದ ಮುಂದೆ ಕೂರಿಸಿ

ಪುನರುತ್ಥಾನದ, ಅಂದರೆ ಯೇಸು ಸತ್ತು ಮತ್ತೆ ಎದ್ದ ದಿನದ, ಸಂಜೆ ಶಿಷ್ಯರು ಕದ ಹಾಕಿಕೊಂಡು ಕೂತಿದ್ದಾರೆ. ಯೇಸು ನಡುವೆ ನಿಂತು, ‘ನಿಮಗೆ ಸಮಾಧಾನವಾಗಲಿ’ ಎನ್ನುತ್ತಾನೆ. ಅದರ ಬೆನ್ನಿಗೇ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ (ಯೋಹಾನ 20). ಗಾಯ ಮಾಯವಾಗಿಲ್ಲ, ಮುಚ್ಚಿಟ್ಟೂ ಇಲ್ಲ. ಬಿಟ್ಟು ಓಡಿಹೋದವರ ಮುಂದೆ ಗಾಯವನ್ನು ಹಿಡಿದು ಹೇಳಿದ ಸಮಾಧಾನ ಅದು.

ಮುಂದಿನ ಅಧ್ಯಾಯದಲ್ಲಿ ಶಿಷ್ಯ ಪೇತ್ರನ ಸರದಿ. ಇಲ್ಲೊಂದು ಸಣ್ಣ ಪದವನ್ನು ಹತ್ತಿರದಿಂದ ನೋಡಬೇಕು. ಪೇತ್ರನು ಮೂರು ಸಲ ‘ನಾನು ಅವನನ್ನು ಅರಿಯೆ’ ಎಂದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದದ್ದು ಇದ್ದಿಲ ಕೆಂಡದ ಬೆಂಕಿಯ ಮುಂದೆ. ಈಗ ಕೆರೆಯ ದಡದಲ್ಲಿ ಯೇಸು ಮೀನು ಸುಡುತ್ತಿರುವುದೂ ಇದ್ದಿಲ ಕೆಂಡದ ಮೇಲೆ. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಜಾಗಗಳಲ್ಲಿ. ಮೊದಲು ಊಟ. ಆಮೇಲೆ ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದು ಮೂರು ಸಲ ಪ್ರಶ್ನೆ. ಮೂರನೆಯ ಸಲ ಪೇತ್ರನಿಗೆ ನೋವಾಗುತ್ತದೆ. ಕೊನೆಗೆ ‘ನನ್ನ ಕುರಿಗಳನ್ನು ಮೇಯಿಸು’ ಎಂದು ಕೆಲಸ. ‘ಆಗಿದ್ದು ಆಯ್ತು ಬಿಡು’ ಎಂಬ ಮಾತು ಅಲ್ಲಿಲ್ಲ. ತಪ್ಪು ನಡೆದ ಜಾಗಕ್ಕೇ ಕರೆದೊಯ್ದು, ಉಣ್ಣಿಸಿ, ಕೇಳಿ, ಜವಾಬ್ದಾರಿ ಹೊರಿಸಿ ಕಳಿಸುತ್ತಾನೆ.

ಮಾಡುವುದು ಹೇಗೆ, ಕೆಡುವುದು ಎಲ್ಲಿ

ವಸಯಿಯಲ್ಲಿ ಅಣ್ಣತಮ್ಮಂದಿರು ಅಪ್ಪನ ಮನೆಯ ಪಾಲಿನ ಮೇಲೆ ಮಾತು ಬಿಟ್ಟಿದ್ದಾರೆ ಎಂದುಕೊಳ್ಳಿ. ಭಾನುವಾರ ಇಬ್ಬರೂ ಒಂದೇ ಇಗರ್ಜಿಗೆ ಬರುತ್ತಾರೆ, ಒಬ್ಬರು 7 ಗಂಟೆಯ ಪೂಜೆಗೆ, ಇನ್ನೊಬ್ಬರು 9ರದಕ್ಕೆ. ಮತ್ತಾಯ 5:23–24 ಇಂಥವರಿಗೇ ಬರೆದಂತಿದೆ: ಕಾಣಿಕೆ ತಂದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಂದು ಅರ್ಪಿಸು. ಗಮನಿಸಿ, ‘ನಿನಗೆ ಅವನ ಮೇಲೆ’ ಎಂದಿಲ್ಲ, ‘ಅವನಿಗೆ ನಿನ್ನ ಮೇಲೆ’ ಎಂದಿದೆ. ಎದ್ದು ಹೋಗಬೇಕಾದವನು ನೋವು ಕೊಟ್ಟವನು.

ನೋವುಂಡವನಿಗೂ ದಾರಿ ಇದೆ, ಮತ್ತಾಯ 18:15–17ರಲ್ಲಿ. ಮೊದಲು ಒಬ್ಬನೇ ಹೋಗಿ ಅವನೊಬ್ಬನಿಗೇ ತಪ್ಪನ್ನು ಹೇಳಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಅದಕ್ಕೂ ಬಗ್ಗದಿದ್ದರೆ ಮಾತ್ರ ಸಭೆಗೆ ತಿಳಿಸಬೇಕು. ನಡೆಯುವುದು ಸಾಮಾನ್ಯವಾಗಿ ಇದರ ತದ್ವಿರುದ್ಧ. ಮೊದಲು ಕುಟುಂಬದ ವಾಟ್ಸಾಪ್ ಗುಂಪಿಗೆ, ಆಮೇಲೆ ಫಾದರಿಗೆ ಅಥವಾ ಸಭಾಪಾಲಕರಿಗೆ, ಕಟ್ಟಕಡೆಗೆ ಆ ಮನುಷ್ಯನ ಕಿವಿಗೆ. ಅಷ್ಟರಲ್ಲಿ ಅವನಿಗೆ ಉಳಿಸಿಕೊಳ್ಳಬೇಕಾದ ಮಾನವೊಂದು ಹುಟ್ಟಿಕೊಂಡಿರುತ್ತದೆ, ತಪ್ಪು ಒಪ್ಪುವ ಬಾಗಿಲು ಮುಚ್ಚಿರುತ್ತದೆ. ಸಭೆಯ ಮಾತನ್ನೂ ಕೇಳದವನನ್ನು ಅನ್ಯನಂತೆ, ಸುಂಕದವನಂತೆ ಎಣಿಸು ಎಂಬುದು ಕೊನೆಯ ಮಾತು. ಬಹಿಷ್ಕಾರಕ್ಕೆ ಇದೇ ಆಧಾರ ಎನ್ನುವವರು, ಯೇಸು ಸುಂಕದವರ ಮನೆಯಲ್ಲಿ ಕೂತು ಉಂಡದ್ದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಕಥೋಲಿಕರಲ್ಲಿ ಪಾಪನಿವೇದನೆ ಇದೆ. ಗುರುಗಳು ಪಾಪವಿಮೋಚನೆ ಕೊಡುವ ಸೂತ್ರದಲ್ಲೇ ‘ಕ್ಷಮೆ ಮತ್ತು ಶಾಂತಿ’ ಎಂದು ಎರಡೂ ಜೊತೆಯಾಗಿ ಬರುತ್ತವೆ. ನಿವೇದನೆ ಮಾಡಿಕೊಂಡರೆ ಎಲ್ಲ ಮುಗಿಯಿತು ಎಂಬುದು ಹೊರಗಿನವರ ಕಲ್ಪನೆ, ಒಳಗಿನವರ ಆಸೆ. ಸಭೆಯ ಬೋಧನೆ ಹಾಗಿಲ್ಲ: ಕದ್ದದ್ದನ್ನು ಹಿಂತಿರುಗಿಸಬೇಕು, ಕೆಡಿಸಿದ ಹೆಸರನ್ನು ಆದಷ್ಟು ಸರಿಪಡಿಸಬೇಕು. ಹಣವನ್ನಾದರೂ ಎಣಿಸಿ ಕೊಡಬಹುದು. ಸೊಸೈಟಿಯ ನಾಲ್ಕು ಮಹಡಿಗೂ ಹಬ್ಬಿಸಿದ ಚಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ, ಪ್ರತಿ ಬಾಗಿಲನ್ನೂ ತಟ್ಟಬೇಕು.

ಹಾಗಾದರೆ ಮನಸ್ಸಿನ ನೆಮ್ಮದಿಗೆ ಇಲ್ಲಿ ಜಾಗವೇ ಇಲ್ಲವೇ? ಇದೆ. ಎಲ್ಲಾ ಗ್ರಹಿಕೆಯನ್ನು ಮೀರುವ ದೇವಶಾಂತಿ ನಿಮ್ಮ ಹೃದಯಗಳನ್ನು ಕಾಯುವುದು ಎಂಬ ಫಿಲಿಪ್ಪಿಯವರಿಗೆ ಬರೆದ ಪತ್ರದ ಸಾಲು (4:7) ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಪೌಲ ಅದನ್ನು ಬರೆದದ್ದು ಸೆರೆಮನೆಯಿಂದ. ‘ಕಾಯುವುದು’ ಎಂಬಲ್ಲಿ ಗ್ರೀಕಿನಲ್ಲಿರುವುದು ಸೈನ್ಯದ ಪದ, ಕೋಟೆಗೆ ಪಹರೆ ಹಾಕುವುದು. ಫಿಲಿಪ್ಪಿ ನಿವೃತ್ತ ಸೈನಿಕರಿಗೆ ಭೂಮಿ ಕೊಟ್ಟು ನೆಲೆಗೊಳಿಸಿದ ರೋಮ್ ವಸಾಹತು. ಆ ಊರಿನವರಿಗೆ ಪಹರೆ ಎಂದರೇನೆಂದು ಗೊತ್ತಿತ್ತು. ಶತ್ರು ಇನ್ನೂ ಹೊರಗಿದ್ದಾನೆ, ಆದ್ದರಿಂದಲೇ ಪಹರೆ. ಚಿಂತೆಗೆ ಕಾರಣಗಳೇ ಇರುವುದಿಲ್ಲ ಎಂದು ಪೌಲ ಎಲ್ಲೂ ಹೇಳಿಲ್ಲ. ಗೋಡೆಯ ಮೇಲೆ ಬರೆಸುವವರು ಬಿಟ್ಟುಬಿಡುವ ಇನ್ನೊಂದು ಸಂಗತಿ: ಆ ಸಾಲಿಗಿಂತ ಐದೇ ವಚನ ಹಿಂದೆ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಜಗಳ ಬಿಟ್ಟು ಒಂದೇ ಮನಸ್ಸಾಗಿರಿ ಎಂದು ಹೆಸರು ಹಿಡಿದು ಕೇಳಿಕೊಂಡಿದ್ದಾನೆ, ಅವರಿಗೆ ನೆರವಾಗು ಎಂದು ಮೂರನೆಯವನೊಬ್ಬನಿಗೆ ಹೇಳಿದ್ದಾನೆ.

ಇನ್ನು ಆ ಅರ್ಧ ನಿಮಿಷದ ವಿಧಿ. ಒಬ್ಬರನ್ನೊಬ್ಬರು ಪವಿತ್ರವಾದ ಮುದ್ದಿನಿಂದ ವಂದಿಸಿರಿ ಎಂದು ಪೌಲ ಬರೆದದ್ದು ಇದರ ಮೂಲ. 2ನೆಯ ಶತಮಾನದಲ್ಲಿ ಇದು ರೊಟ್ಟಿ, ದ್ರಾಕ್ಷಾರಸ ತರುವ ಮುಂಚೆ ನಡೆಯುತ್ತಿತ್ತು. ಪೂರ್ವದ ಸಭೆಗಳಲ್ಲಿ ಈಗಲೂ ಆ ಹೊತ್ತಿಗೇ. ರೋಮ್‌ನಲ್ಲಿ ಮಾತ್ರ ಅದು ಪ್ರಸಾದ ಹಂಚುವ ಮುಂಚೆಗೆ ಸರಿಯಿತು. ಜಗದ್ಗುರು (ಪೋಪ್) ಒಂದನೆಯ ಇನ್ನೊಸೆಂಟ್ 416ರಲ್ಲಿ ಪತ್ರ ಬರೆದು ಇದೇ ಸರಿಯಾದ ಜಾಗವೆಂದರು. ಭಾರತದಲ್ಲಿ ಸಾರ್ವಜನಿಕವಾಗಿ ಮುದ್ದಿಡುವುದು ಹೇಗೆ? 1969ರಲ್ಲಿ ರೋಮ್ (ಕಥೋಲಿಕ ಸಭೆಯ ಕೇಂದ್ರ ಆಡಳಿತ) ಭಾರತದ ಪೂಜೆಗೆ ಒಪ್ಪಿದ 12 ಮಾರ್ಪಾಡುಗಳಲ್ಲಿ ಇದಕ್ಕೆ ಉತ್ತರ ಸಿಕ್ಕಿತು: ಅಂಜಲಿಹಸ್ತ, ಇಲ್ಲವೆ ಕೊಡುವವರ ಕೈಗಳನ್ನು ಪಡೆಯುವವರ ಕೈಗಳ ನಡುವೆ ಇಡುವುದು. ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಅದಕ್ಕೂ ಮೊದಲೇ, 1950ರ ತನ್ನ ಆರಾಧನಾ ಕ್ರಮದಲ್ಲಿ, ಅಂಗೈಗೆ ಅಂಗೈ ಸೇರಿಸಿ ಬೆಂಚಿನಿಂದ ಬೆಂಚಿಗೆ ಸಮಾಧಾನವನ್ನು ದಾಟಿಸುವ ಪದ್ಧತಿ ತಂದಿತ್ತು. ಕರ್ನಾಟಕದಲ್ಲಿ ಅದನ್ನು ರೂಢಿ ಮಾಡಿಕೊಂಡ ಕುಟುಂಬಗಳು ಮುಂಬಯಿ, ಪುಣೆಗೆ ಬಂದು ಉತ್ತರ ಭಾರತ ಸಭೆಯಲ್ಲೋ ಮೆಥೋಡಿಸ್ಟ್ ಸಭೆಯಲ್ಲೋ ಸೇರಿದಾಗ ಕೈ ಎಲ್ಲಿಡಬೇಕೆಂದು ಒಂದು ಕ್ಷಣ ತಡವರಿಸುವುದುಂಟು.

ಈ ಹೊತ್ತನ್ನು ಅಭಿನಂದನೆಗೆ ಬಳಸಬೇಡಿ, ಜಾಗ ಬಿಟ್ಟು ಓಡಾಡಬೇಡಿ, ಗುರುಗಳು ಪೀಠ ಬಿಟ್ಟು ಇಳಿಯಬೇಡಿ, ಇದಕ್ಕೆಂದೇ ಹಾಡು ಸೇರಿಸಬೇಡಿ ಎಂದು 2014ರಲ್ಲಿ ರೋಮ್ ಸುತ್ತೋಲೆ ಕಳಿಸಿತು. ಮದುವೆಯ ಶುಭಾಶಯವನ್ನೂ ಅಂತ್ಯಕ್ರಿಯೆಯ ಸಂತಾಪವನ್ನೂ ಈ ಗಳಿಗೆಯಲ್ಲಿ ಹೇಳಬಾರದೆಂದು ಅದರಲ್ಲಿ ಬಿಡಿಸಿಯೇ ಹೇಳಿದೆ. ಬೇರೆ ಧರ್ಮದ ಅತಿಥಿಗಳು ಪ್ರಸಾದ ಸ್ವೀಕರಿಸುವುದಿಲ್ಲ, ಆದರೆ ಪಕ್ಕದವರು ಕೈಮುಗಿದಾಗ ತಿರುಗಿ ಕೈಮುಗಿಯಲು ಯಾವ ಅಡ್ಡಿಯೂ ಇಲ್ಲ.

ಎದುರಿನವನು ಒಪ್ಪದಿದ್ದರೆ? ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಎಲ್ಲರ ಸಂಗಡ ಸಮಾಧಾನವಾಗಿರಿ ಎನ್ನುತ್ತಾನೆ ಪೌಲ (ರೋಮಾಪುರದವರಿಗೆ 12:18). ಎರಡೆರಡು ಷರತ್ತು. ಕ್ಷಮಿಸಲು ಒಬ್ಬರು ಸಾಕು, ಒಂದಾಗಲು ಇಬ್ಬರು ಬೇಕು ಎಂಬುದು ಅವನಿಗೆ ಗೊತ್ತಿತ್ತು. ಗಂಡನಿಂದ ಏಟು ತಿನ್ನುತ್ತಿರುವ ಹೆಂಗಸಿಗೆ ಯೇಸುವಿನ ಹೆಸರಲ್ಲಿ ‘ಹೊಂದಿಕೊಂಡು ಹೋಗಮ್ಮ’ ಎನ್ನುವ ಹಿರಿಯರು ಹೇಳುತ್ತಿರುವುದು ಯೆರೆಮೀಯ ಬೈದ ಆ ಮೇಲುಮೇಲಿನ ಶಾಂತಿಯನ್ನೇ. ಅವಳು ಪೊಲೀಸರಿಗೆ ದೂರು ಕೊಡುವುದು, ತವರಿಗೆ ಬರುವುದು ಸಮಾಧಾನಕ್ಕೆ ವಿರುದ್ಧವಲ್ಲ. ಮತ್ತಾಯ 18ರ ಎರಡನೆಯ, ಮೂರನೆಯ ಮೆಟ್ಟಿಲುಗಳು ಇರುವುದೇ ಇಂಥದ್ದಕ್ಕೆ. ಮೊದಲನೆಯ ಮೆಟ್ಟಿಲಿಗೆ, ಅಂದರೆ ಒಬ್ಬಳೇ ಹೋಗಿ ಮಾತಾಡು ಎಂಬುದಕ್ಕೆ, ಅಂಥ ಮನೆಯಲ್ಲಿ ಅವಳನ್ನು ಕಳಿಸಬಾರದು.